ಕಾಂತಿಗೆ ಕಳಿಸಿದ ಎರಡು ಗಿನಿಪಿಗ್‌ಗಳು

ಗುಡ್ಡದ ಆಸ್ಪತ್ರೆ, ಮೂಡಬಿದ್ರೆ
14 ನವೆಂಬರ್ 1953

ಚಿ. ಕಾಂತಿಗೆ ಅಮ್ಮನ ಆಶೀರ್ವಾದಗಳು.

ಈ ಕಾಗದ ತಂದುಕೊಟ್ಟವರ ಹೆಸರು ಅಬ್ದುಲ್ ಶುಕೂರ್. ಇಲ್ಲಿ ನಾವೆಲ್ಲ ಶುಕೂರಾಕ ಎನ್ನುತ್ತೇವೆ. ಆಸ್ಪತ್ರೆಯ ಪ್ರಾಣಿಗಳ ಕೊಟ್ಟಿಗೆ ನೋಡಿಕೊಳ್ಳುವುದು ಅವರ ಕೆಲಸ. ಊರು ಕನ್ಯಾನ. ಮನೆಗೆ ಹೋಗುವಾಗ ಬಂಟ್ವಾಳದಲ್ಲಿ ಬಸ್ಸು ಬದಲಿಸಬೇಕು, ಹಾಗಾಗಿ ಅವರನ್ನು ಕೇಳಿಕೊಂಡೆ. ಅವರ ಬುಟ್ಟಿಯಲ್ಲಿ ಎರಡು ಗಿನಿಪಿಗ್‌ಗಳಿವೆ. ಅವು ನಿನಗೆ.

ಶಾಲೆಯಲ್ಲಿ ನಿನ್ನ ಪಕ್ಕ ಯಾರೂ ಕುಳಿತುಕೊಳ್ಳುವುದಿಲ್ಲ ಎಂದು ಬರೆದಿದ್ದೆ. ಲೋಲಾಕ್ಷಿಯನ್ನೂ ಅವಳಮ್ಮ ನಮ್ಮ ಅಂಗಳಕ್ಕೆ ಬಿಡುವುದಿಲ್ಲ ಎಂದಿದ್ದೆ. ಆ ಕಾಗದ ನನ್ನ ದಿಂಬಿನ ಅಡಿಯಲ್ಲಿ ಉಂಟು. ಜನ ಹೆದರುವುದು ನನ್ನ ಎದೆಯ ರೋಗಕ್ಕೆ, ನಿನಗಲ್ಲ. ಇದಕ್ಕೆ ನಾನು ಇಲ್ಲಿಂದ ಮಾಡಬಹುದಾದದ್ದು ಏನೂ ಇಲ್ಲ. ಈ ಎರಡು ಪ್ರಾಣಿಗಳು ಮಾತ್ರ ನಿನ್ನ ಪಕ್ಕ ಕುಳಿತುಕೊಳ್ಳುತ್ತವೆ. ಡಾಕ್ಟರೇ ಪರೀಕ್ಷಿಸಿ ಯಾವ ರೋಗವೂ ಇಲ್ಲದ ಎರಡನ್ನು ಆರಿಸಿದ್ದಾರೆ. ಎರಡೂ ಹೆಣ್ಣು, ಮರಿ ಹಾಕುವ ಚಿಂತೆ ಇಲ್ಲ.

ಇವಕ್ಕೆ ಕೊಂಡು ತರಬೇಕಾದದ್ದು ಏನೂ ಇಲ್ಲ ಎಂದು ಅಪ್ಪನಿಗೆ ಹೇಳು, ಇಲ್ಲದಿದ್ದರೆ ಅವರು ಒಪ್ಪುವುದಿಲ್ಲ. ಮರದ ಒಂದು ಪೆಟ್ಟಿಗೆ ಸಾಕು. ಅದರ ತಳಕ್ಕೆ ಒಣಹುಲ್ಲು, ಅಥವಾ ಬಡಗಿಗಳು ಕೀಸಿದ ಮರದ ಸಿಪ್ಪೆ. ದಿನವೂ ಬೆಳಿಗ್ಗೆ ಬದಲಿಸಬೇಕು. ತಿನ್ನಲು ಹಸಿ ಹುಲ್ಲು, ಸೌತೆಯ ಸಿಪ್ಪೆ, ಕುಂಬಳದ ತಿರುಳು, ಒಂದು ಚಿಟಿಕೆ ತೌಡು. ಮಂಜು ಬಿದ್ದ ಹುಲ್ಲನ್ನು ಒಣಗಿಸಿಯೇ ಕೊಡು. ತೆಂಗಿನ ಗೆರಟೆಯಲ್ಲಿ ನೀರಿಟ್ಟರೆ ಉರುಳಿಸುತ್ತವೆ, ಭಾರದ ಮಣ್ಣಿನ ಮುಚ್ಚಳದಲ್ಲಿ ಇಡು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂದೆ. ಬಿದ್ದರೆ ಬೆನ್ನು ಮುರಿಯುತ್ತದೆ.

ಅಜ್ಜಿಯ ಮಾತು ಕೇಳು. ಊಟ ಬಿಡಬೇಡ.

ಪ್ರೀತಿಯಿಂದ,
ನಿನ್ನ ಅಮ್ಮ


ಬಂಟ್ವಾಳ
6 ಡಿಸೆಂಬರ್ 1953

ಮಾತೃಶ್ರೀ ಅಮ್ಮನಿಗೆ ಕಾಂತಿ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಹೀಗೆ ಶುರುಮಾಡಬೇಕೆಂದು ಟೀಚರು ಹೇಳಿಕೊಟ್ಟಿದ್ದಾರೆ.

ಅಮ್ಮ, ಶುಕೂರಾಕ ಬಂದಾಗ ದೊಡ್ಡ ಗಲಾಟೆಯಾಯಿತು. ಪಿಗ್ ಎಂದರೆ ಹಂದಿ ಎಂದು ಅಪ್ಪ ಹೇಳಿದ್ದೇ ಅಜ್ಜಿ ಬಾಗಿಲು ಹಾಕಿಬಿಟ್ಟರು. ಶುಕೂರಾಕ ಜಗಲಿಯಲ್ಲಿ ಕುಳಿತು ನಕ್ಕರು. “ಹಂದಿಯಾದರೆ ನಾನು ಮಡಿಲಲ್ಲಿ ಇಟ್ಟುಕೊಂಡು ಬರ್ತೇನಾ ಅಮ್ಮಾ? ಇದು ಬಾಲ ಇಲ್ಲದ ಇಲಿ” ಎಂದರು. ಆಮೇಲೆ ಅಜ್ಜಿ ಬಾಗಿಲು ತೆಗೆದು ನೋಡಿದರು. ಇಲಿ ಎಂದರೂ ಅವರಿಗೆ ಇಷ್ಟವಾಗಲಿಲ್ಲ, ಆದರೆ ಬಿಸಾಡಿ ಎನ್ನಲಿಲ್ಲ.

ಬಿಳಿಯದಕ್ಕೆ ಬೊಳ್ಳಿ ಎಂದು ಹೆಸರಿಟ್ಟಿದ್ದೇನೆ. ಕಂದು ಬಣ್ಣದ್ದಕ್ಕೆ ಗೇರು. ಅಪ್ಪ ಹೊಲಿಯುವ ಜವಳಿ ಅಂಗಡಿಯಿಂದ ನೂಲಿನ ಉಂಡೆ ಬರುವ ಪೆಟ್ಟಿಗೆ ತಂದುಕೊಟ್ಟರು. ಬಡಗಿ ಅಣ್ಣು ಅವರ ಕೊಟ್ಟಿಗೆಯಿಂದ ನಾನೇ ಸಿಪ್ಪೆ ತರುತ್ತೇನೆ. ಹುಲ್ಲು ಹೊಳೆಯ ಬದಿಯಲ್ಲಿ ಬೇಕಾದಷ್ಟು ಉಂಟು. ನನ್ನ ಹೆಜ್ಜೆಯ ಸದ್ದು ಕೇಳಿದರೆ ಎರಡೂ ಕುಯಿಂ ಕುಯಿಂ ಎನ್ನುತ್ತವೆ. ಬೇರೆ ಯಾರು ಬಂದರೂ ಇಲ್ಲ.

ಲೋಲಾಕ್ಷಿ ಬೇಲಿಯ ಆಚೆಯಿಂದ ನೋಡಿದಳು. ನಾನು ಬೊಳ್ಳಿಯನ್ನು ಎತ್ತಿ ತೋರಿಸಿದೆ. ಒಳಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಇವನ್ನು ಯಾಕೆ ಸಾಕುತ್ತಾರೆ? ನಿಮಗೆ ಆಡಲಿಕ್ಕಾ? ನೀನು ಯಾವಾಗ ಬರುತ್ತೀ?

ನಿನ್ನ ಮಗಳು,
ಕಾಂತಿ


ಮೂಡಬಿದ್ರೆ
22 ಜನವರಿ 1954

ಚಿ. ಕಾಂತಿಗೆ,

ನಿನ್ನ ಕಾಗದವನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಶುಕೂರಾಕನ ಮಾತಿಗೆ ಎಲ್ಲರೂ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂದು ನರ್ಸಮ್ಮ ಬೈದರು.

ಹೊಸ ಇಂಜೆಕ್ಷನ್ ಹಿಡಿಸಿದೆ. ತೂಕ ಸ್ವಲ್ಪ ಏರಿದೆ. ಇನ್ನೂ ಕೆಲವು ತಿಂಗಳು ಇರಬೇಕು ಎನ್ನುತ್ತಾರೆ. ಇಲ್ಲಿ ಗಿನಿಪಿಗ್‌ಗಳನ್ನು ಯಾಕೆ ಸಾಕುತ್ತಾರೆಂದು ನೀನು ದೊಡ್ಡವಳಾದ ಮೇಲೆ ಹೇಳುತ್ತೇನೆ. ಸುಳ್ಳು ಹೇಳಲು ಮನಸ್ಸಿಲ್ಲ, ಅದಕ್ಕೇ ಈಗ ಹೇಳುವುದಿಲ್ಲ. ನೀನೂ ನನಗೆ ಸುಳ್ಳು ಬರೆಯಬೇಡ.

ನಿನ್ನ ಅಮ್ಮ


ಬಂಟ್ವಾಳ
19 ಏಪ್ರಿಲ್ 1954

ಅಮ್ಮನಿಗೆ,

ಗೇರುವಿಗೆ ಸೌಖ್ಯವಿಲ್ಲ. ಹಿಂಗಾಲು ಎಳೆದುಕೊಂಡು ಹೋಗುತ್ತದೆ. ಮುಟ್ಟಿದರೆ ಕೂಗುತ್ತದೆ. ಹಲ್ಲಿನ ಬುಡದಲ್ಲಿ ರಕ್ತ. ಹೊಳೆಯ ಬದಿಯ ಹುಲ್ಲು ಒಣಗಿದೆ. ಒಂದು ತಿಂಗಳಿಂದ ಬೈಹುಲ್ಲು, ತೌಡು ಮತ್ತು ಗಂಜಿಯ ಅಗುಳನ್ನು ಮಾತ್ರ ಕೊಡುತ್ತಿದ್ದೇನೆ. ಪೇಟೆಯಿಂದ ತರಕಾರಿ ತರಲು ಅಪ್ಪನನ್ನು ಕೇಳಿದೆ. ಮನುಷ್ಯರಿಗೇ ಇಲ್ಲ ಎಂದರು. ಗೇರುವಿಗೂ ನಿನ್ನ ರೋಗವೇ ಬಂದದ್ದು ಎಂದು ಅಜ್ಜಿ ಹೇಳುತ್ತಾರೆ. ಹೌದಾ ಅಮ್ಮ? ನಿನಗೂ ಕಾಲು ನೋಯುತ್ತದಾ?

ಬೇಗ ಬರೆ.

ಕಾಂತಿ


ಮೂಡಬಿದ್ರೆ
23 ಏಪ್ರಿಲ್ 1954

ಕಾಂತಿ,

ಅದು ನನ್ನ ರೋಗವಲ್ಲ. ನನ್ನ ಕಾಲು ನೋಯುವುದಿಲ್ಲ. ಶುಕೂರಾಕನನ್ನು ಕೇಳಿದೆ. ಹಸಿರು ತಿನ್ನದಿದ್ದರೆ ಇವಕ್ಕೆ ಹೀಗೆಯೇ ಆಗುತ್ತದಂತೆ. ನಮ್ಮ ಬಾವಿಯ ಹಿಂದಿನ ನುಗ್ಗೆಮರದ ಎಳೆ ಸೊಪ್ಪನ್ನು ದಿನಕ್ಕೆ ಎರಡು ಸಲ ಕೊಡು. ಪೇರಳೆಯ ಚಿಗುರು ಕೊಡು. ನೆಲ್ಲಿಕಾಯಿ ಸಿಕ್ಕಿದರೆ ಜಜ್ಜಿ, ರಸವನ್ನು ಬೆರಳಿನಿಂದ ಬಾಯಿಗೆ ಬಿಡು. ಬಟ್ಟೆ ಒಗೆಯುವ ಕಲ್ಲಿನ ಸುತ್ತ ನೀರು ಬೀಳುವ ಕಡೆ ಈಗಲೂ ಹುಲ್ಲು ಇರಬೇಕು, ನೋಡು.

ಇದನ್ನು ನಾನು ಮೊದಲೇ ಬರೆಯಬೇಕಿತ್ತು. ನನಗೆ ಗೊತ್ತಿರಲಿಲ್ಲ ಮಗಾ.

ಅಮ್ಮ


ಬಂಟ್ವಾಳ
20 ಜೂನ್ 1954

ಅಮ್ಮನಿಗೆ ನಮಸ್ಕಾರಗಳು.

ನಿನ್ನ ಕಾಗದ ಬರುವ ಹಿಂದಿನ ದಿನ ಗೇರು ಸತ್ತುಹೋಯಿತು. ನುಗ್ಗೆಸೊಪ್ಪು ತಿಂದು ಬೊಳ್ಳಿ ಉಳಿಯಿತು. ಈಗ ಮಳೆ ಬಂದಿದೆ, ಹುಲ್ಲು ಎಲ್ಲ ಕಡೆ ಉಂಟು. ನಾನು ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಒಂದು ವಿಷಯ ಬರೆಯಬೇಡ ಎಂದು ಅಜ್ಜಿ ಹೇಳಿದ್ದಾರೆ. ನೀನು ಸುಳ್ಳು ಬರೆಯಬೇಡ ಎಂದಿದ್ದೀ. ಬರೆಯದೆ ಇರುವುದು ಸುಳ್ಳಾ ಎಂದು ಟೀಚರನ್ನು ಕೇಳಿದೆ. ಅವರು ಪುಸ್ತಕ ತೆರೆಯಲು ಹೇಳಿದರು.

ನಮ್ಮಲ್ಲಿ ಸರಸ ಚಿಕ್ಕಮ್ಮ ಇದ್ದಾರೆ. ಮೇ ತಿಂಗಳಲ್ಲಿ ಬಂದರು. ಅಪ್ಪ ಹೊಸ ಪಂಚೆ ಉಟ್ಟು ಅವರ ಊರಿಗೆ ಹೋಗಿ ಕರೆದುಕೊಂಡು ಬಂದರು. ಅವರು ಒಳ್ಳೆಯವರು, ನನ್ನ ತಲೆ ಬಾಚುತ್ತಾರೆ. ಬೊಳ್ಳಿಗೆ ಹುಲ್ಲು ಕೊಯ್ದು ಕೊಡುತ್ತಾರೆ. ನಿನ್ನ ಮರದ ಪೆಟ್ಟಿಗೆಯಲ್ಲಿ ಈಗ ಅವರ ಸೀರೆಗಳಿವೆ. ನಿನ್ನ ಸೀರೆಗಳನ್ನು ಅಜ್ಜಿ ಹಿತ್ತಿಲಲ್ಲಿ ಸುಟ್ಟರು. ಡಾಕ್ಟರು ಹೇಳಿದ್ದಾರೆ ಎಂದರು. ಹೌದಾ?

ಕಾಂತಿ


ಮೂಡಬಿದ್ರೆ
11 ಆಗಸ್ಟ್ 1954

ಕಾಂತಿಯ ಅಪ್ಪನವರಿಗೆ ನೀಲಾವತಿಯ ನಮಸ್ಕಾರಗಳು.

ಕಾಂತಿ ಬರೆದಿದ್ದಾಳೆ. ಅವಳಿಗೆ ಹೊಡೆಯಬೇಡಿ. ಅವಳು ನನ್ನ ಮಾತು ನಡೆಸಿದಳು.

ನನಗೆ ವಾಸಿಯಾಗಿದೆ. ಮೂರು ಸಲ ಪರೀಕ್ಷೆ ಮಾಡಿದರು, ಏನೂ ಕಾಣಲಿಲ್ಲ. ಅಕ್ಟೋಬರಿನಲ್ಲಿ ನನ್ನನ್ನು ಬಿಡುತ್ತಾರಂತೆ, ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಡಾಕ್ಟರು ಹೇಳಿದ್ದಾರೆ. ಆದ ಮದುವೆಯ ಬಗ್ಗೆ ನಾನು ಏನೂ ಕೇಳುವುದಿಲ್ಲ. ಜಗಲಿಯ ಮೂಲೆ ಸಾಕು. ನನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಳ್ಳುತ್ತೇನೆ. ಗುಂಡಿಗೆ ಕಾಜ ಹೊಲಿಯುವುದು ನನಗೆ ಮರೆತಿಲ್ಲ, ಅಂಗಡಿಯ ಕೆಲಸಕ್ಕೆ ಆಗುತ್ತದೆ. ಕಾಂತಿಯ ಹತ್ತಿರ ಇರಬೇಕು, ಇಷ್ಟೇ.

ಇತಿ,
ನೀಲಾವತಿ


ಬಂಟ್ವಾಳ
30 ಅಕ್ಟೋಬರ್ 1954

ನೀಲಾವತಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಏನು ಬರೆಯಬೇಕೆಂದು ತಿಳಿಯದೆ ತಡವಾಯಿತು.

ನೀನು ಆಸ್ಪತ್ರೆಗೆ ಹೋದಾಗ ಯಾರೂ ವಾಪಸು ಬರುತ್ತೀ ಎಂದು ಹೇಳಿರಲಿಲ್ಲ. ಅಮ್ಮನಿಗೆ ವಯಸ್ಸಾಯಿತು, ಮನೆ ನಡೆಯಬೇಕಿತ್ತು. ಈಗ ಸರಸ ಗರ್ಭಿಣಿ. ಇರುವುದು ಒಂದು ಕೋಣೆ. ನೀನು ಬಂದರೆ ಅವಳ ತವರಿನವರು ಅವಳನ್ನು ಕರೆದುಕೊಂಡು ಹೋಗುತ್ತಾರೆ, ಅಂಗಿ ಹೊಲಿಯಲು ಕೊಡುವವರೂ ಬರುವುದಿಲ್ಲ. ಬೆಳ್ತಂಗಡಿಯಲ್ಲಿ ನಿನ್ನ ಅಣ್ಣ ಹುಕ್ರಪ್ಪ ಇದ್ದಾನೆ. ಅಲ್ಲಿಗೆ ಹೋಗುವುದು ಒಳ್ಳೆಯದು. ಕಾಂತಿ ಇಲ್ಲೇ ಇರಲಿ, ಶಾಲೆ ಉಂಟು.

ತಪ್ಪು ನನ್ನದು ಎಂದು ಬೇಕಾದರೆ ತಿಳಿದುಕೊ.

ಜತ್ತಪ್ಪ


ಮೂಡಬಿದ್ರೆ
9 ಜನವರಿ 1955

ಚಿ. ಕಾಂತಿಗೆ,

ನಾನು ಬರುತ್ತೇನೆಂದು ನೀನು ಬಸ್ಸು ನಿಲ್ಲುವಲ್ಲಿಗೆ ಹೋಗಿ ನಿಲ್ಲುತ್ತೀ ಎಂದು ಶುಕೂರಾಕ ಹೇಳಿದರು. ಇನ್ನು ಹೋಗಬೇಡ.

ಬೆಳ್ತಂಗಡಿಗೆ, ನಿನ್ನ ಸೋದರಮಾವನ ಮನೆಗೆ ಹೋಗಿದ್ದೆ. ನಾಲ್ಕು ದಿನ ಇದ್ದೆ. ನಾನು ನೀರು ಸೇದಿದ ಹಗ್ಗವನ್ನು ನಿನ್ನ ಅತ್ತೆ ಬಿಸಿನೀರಿನಲ್ಲಿ ಅದ್ದುತ್ತಿದ್ದರು. ಅಣ್ಣ ನೋಡಿ ಒಳಗೆ ಹೋಗುತ್ತಿದ್ದ. ಐದನೆಯ ದಿನ ನಾನೇ ಹೊರಟು ಬಂದೆ. ಬರಲು ಬೇರೆ ಜಾಗ ಗೊತ್ತಿರಲಿಲ್ಲ, ಇಲ್ಲಿಗೇ ಬಂದೆ. ಡಾಕ್ಟರು ಬೇಸರದಿಂದ ನೋಡಿ, ಕೊಟ್ಟಿಗೆಯಲ್ಲಿ ಶುಕೂರಾಕನ ಜೊತೆ ಕೆಲಸಕ್ಕಿರು ಎಂದರು. ಊಟ, ಮಲಗಲು ಹಿಂದಿನ ಕೋಣೆ, ಕೈಗೆ ಸ್ವಲ್ಪ ದುಡ್ಡು.

ಇಲ್ಲಿ ನಲವತ್ತು ಗಿನಿಪಿಗ್‌ಗಳು. ಮೇವಿಗೆ ಆಸ್ಪತ್ರೆ ಕೊಡುವುದು ಸಾಲುವುದಿಲ್ಲ. ಕೊಟ್ಟಿಗೆಯ ಹಿಂದೆ ನುಗ್ಗೆಯ ಕೊಂಬೆ ನೆಟ್ಟಿದ್ದೇನೆ. ಅಡುಗೆಕೋಣೆಯ ಸಿಪ್ಪೆಯನ್ನು ಈಗ ಯಾರೂ ಬಿಸಾಡುವುದಿಲ್ಲ.

ನಿನ್ನ ಅಮ್ಮ


ಬಂಟ್ವಾಳ
27 ಮಾರ್ಚ್ 1955

ಅಮ್ಮನಿಗೆ,

ತಮ್ಮ ಹುಟ್ಟಿದ್ದಾನೆ. ಆಸ್ಪತ್ರೆಯಿಂದ ಬಂದ ಪ್ರಾಣಿ ಮಗುವಿರುವ ಮನೆಯಲ್ಲಿ ಬೇಡ ಎಂದು ಅಜ್ಜಿ ಹೇಳಿದರು. ಹೊಳೆಗೆ ಬಿಡಲು ಹೊರಟಿದ್ದರು. ಚಿಕ್ಕಮ್ಮ ತಡೆದರು. ಶುಕೂರಾಕ ಬರುವವರೆಗೆ ಇರಲಿ ಎಂದು ಕೇಳಿಕೊಂಡರು. ಬೊಳ್ಳಿಯನ್ನು ಶುಕೂರಾಕನ ಕೈಯಲ್ಲಿ ಕಳಿಸಿದ್ದೇನೆ.

ಬೊಳ್ಳಿಗೆ ಕುಂಬಳದ ಬೀಜ ಇಷ್ಟ. ಎಡಗಿವಿಯ ಹಿಂದೆ ತುರಿಸಿದರೆ ಕಣ್ಣು ಮುಚ್ಚುತ್ತದೆ. ಉಳಿದವುಗಳ ಜೊತೆ ಹಾಕಬೇಡ, ಅದಕ್ಕೆ ಜನ ಅಭ್ಯಾಸ. ನನ್ನನ್ನೂ ಕಳಿಸುತ್ತೀರಾ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಮೆಷಿನು ನಿಲ್ಲಿಸಲಿಲ್ಲ.

ಕಾಂತಿ


ಬಂಟ್ವಾಳ
2 ಜುಲೈ 1956

ಅಮ್ಮನಿಗೆ,

ನಾನೀಗ ಏಳನೆಯ ಕ್ಲಾಸು. ವಿಜ್ಞಾನದ ಮೇಷ್ಟ್ರು ಒಂದು ಪಾಠ ಮಾಡಿದರು. ಕ್ಷಯ ಉಂಟೋ ಇಲ್ಲವೋ ಗೊತ್ತಾಗದಿದ್ದರೆ ರೋಗಿಯ ಕಫವನ್ನು ಗಿನಿಪಿಗ್‌ಗೆ ಚುಚ್ಚುತ್ತಾರಂತೆ. ಆರು ವಾರ ಬಿಟ್ಟು ಕೊಯ್ದು ನೋಡುತ್ತಾರಂತೆ. ರೋಗ ಇಲ್ಲದಿದ್ದರೂ ಕೊಯ್ಯುತ್ತಾರಂತೆ. ನೀನು ಹಿಡಿದುಕೊಳ್ಳುತ್ತೀಯಾ? ನಾನು ದೊಡ್ಡವಳಾಗಿದ್ದೇನೆ, ಹೇಳು.

ಬೊಳ್ಳಿಗೆ ಏನೂ ಮಾಡುವುದಿಲ್ಲ ಎಂದು ಬರೆದು ಕಳಿಸು. ಬೇರೆ ಏನೂ ಬೇಡ.

ಕಾಂತಿ


ಮೂಡಬಿದ್ರೆ
8 ಜುಲೈ 1956

ಚಿ. ಕಾಂತಿಗೆ,

ಮೇಷ್ಟ್ರು ಹೇಳಿದ್ದು ನಿಜ. ನಾನು ಹಿಡಿದುಕೊಳ್ಳುತ್ತೇನೆ. ಗಟ್ಟಿ ಹಿಡಿದರೆ ಅವಕ್ಕೆ ನೋವು ಕಡಿಮೆ. ನನಗೆ ರೋಗ ಉಂಟೆಂದು ಗೊತ್ತಾದದ್ದೂ ಹಾಗೆಯೇ, ನನ್ನ ಹೆಸರಿನಲ್ಲಿ ಚುಚ್ಚಿದ ಗಿನಿಪಿಗ್ ಒಂದು ಇತ್ತು.

ಬೊಳ್ಳಿ ನನ್ನ ಕೋಣೆಯಲ್ಲಿ ಉಂಟು, ಕೊಟ್ಟಿಗೆಯಲ್ಲಿ ಅಲ್ಲ. ನನ್ನ ಮಂಚದ ಕೆಳಗೆ ಮಲಗುತ್ತದೆ. ಅದಕ್ಕೆ ಸೂಜಿ ಮುಟ್ಟಿಸುವುದಿಲ್ಲ. ಮಾತು ಕೊಟ್ಟಿದ್ದೇನೆ.

ನಿನ್ನ ಅಮ್ಮ


ಮೂಡಬಿದ್ರೆ
21 ಅಕ್ಟೋಬರ್ 1956

ಕಾಂತಿ,

ಇದನ್ನು ನಾಲ್ಕು ಸಲ ಬರೆದು ಹರಿದೆ.

ಈ ವರ್ಷದ ಮಳೆಗೆ ಕೊಟ್ಟಿಗೆಯ ಮಾಡು ಸೋರಿತು. ಥಂಡಿ ಹಿಡಿದು ಗಿನಿಪಿಗ್‌ಗಳು ಒಂದರ ಹಿಂದೆ ಒಂದು ಸತ್ತವು. ಉಳಿದವುಗಳಲ್ಲಿ ಕೆಲವು ಬಸುರಿ, ಕೆಲವು ಆಗಲೇ ಚುಚ್ಚಿಸಿಕೊಂಡವು. ಆಗಸ್ಟಿನಲ್ಲಿ ಬೆಳ್ತಂಗಡಿಯ ಕಡೆಯಿಂದ ಒಬ್ಬಳು ಬಂದಳು. ಹೆಸರು ಶಶಿಪ್ರಭಾ, ಇಪ್ಪತ್ತೆರಡು ವರ್ಷ. ಬಿಡದ ಕೆಮ್ಮು. ಕಫದಲ್ಲಿ ಏನೂ ಕಾಣುವುದಿಲ್ಲ, ಎದೆಯ ಫೋಟೋದಲ್ಲಿ ಒಂದು ಕಲೆ. ಮನೆಯಲ್ಲಿ ಎಂಟು ತಿಂಗಳ ಹೆಣ್ಣುಮಗು. ಖಚಿತವಾಗಿ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಕರೆದುಕೊಂಡು ಹೋಗುತ್ತೇವೆ ಎಂದು ಗಂಡನ ಮನೆಯವರು ಹೇಳಿಹೋಗಿದ್ದರು. ಮಂಗಳೂರಿನಿಂದ ಪ್ರಾಣಿ ತರಿಸಲು ದೀಪಾವಳಿ ಕಳೆಯಬೇಕು ಎಂದರು ಡಾಕ್ಟರು. ಅಲ್ಲಿಯವರೆಗೆ ಆ ಮನೆಯಲ್ಲಿ ಏನಾಗಿರುತ್ತಿತ್ತೋ ನನಗೆ ಗೊತ್ತು.

ಅವಳ ಎದೆಹಾಲು ಬತ್ತಿರಲಿಲ್ಲ ಕಾಂತಿ. ರವಕೆ ಒದ್ದೆಯಾಗುತ್ತಿತ್ತು. ಗೋಡೆಯ ಕಡೆ ತಿರುಗಿ ಹಿಂಡಿ ಚೆಲ್ಲುತ್ತಿದ್ದಳು.

ಡಾಕ್ಟರು ನನ್ನನ್ನು ಕೇಳಲಿಲ್ಲ. ನಾನೇ ಬೊಳ್ಳಿಯನ್ನು ತೆಗೆದುಕೊಂಡು ಹೋಗಿ ಕೊಟ್ಟೆ. “ಇದು ನಿನ್ನ ಮಗಳದ್ದಲ್ಲವಾ?” ಎಂದು ಅವರು ಕೇಳಿದರು. ಹೌದು ಎಂದೆ. ನಾನೇ ಹಿಡಿದುಕೊಂಡೆ. ಆರು ವಾರ ಚೆನ್ನಾಗಿ ತಿಂದಿತು. ಸಿಕ್ಕಿದಾಗಲೆಲ್ಲ ಕುಂಬಳದ ಬೀಜ ಕೊಟ್ಟೆ. ಹೋದ ವಾರ ಕೊಯ್ದು ನೋಡಿದರು. ಒಳಗೆ ಎಲ್ಲ ಸರಿಯಾಗಿತ್ತು.

ಶಶಿಪ್ರಭಾಳ ಗಂಡ ಮಗುವನ್ನು ಎತ್ತಿಕೊಂಡು ಬಂದು ಅವಳನ್ನು ಕರೆದುಕೊಂಡು ಹೋದ. ಮಗುವಿಗೆ ತಾಯಿಯ ಗುರುತು ಸಿಗಲಿಲ್ಲ, ಅತ್ತಿತು. ಬಸ್ಸು ಹತ್ತುವ ಹೊತ್ತಿಗೆ ಸುಮ್ಮನಾಗಿತ್ತು.

ನಿನಗೆ ಸುಳ್ಳು ಬರೆಯುವುದು ಸುಲಭವಿತ್ತು. ವಯಸ್ಸಾಗಿ ಸತ್ತಿತು ಎಂದಿದ್ದರೆ ನೀನು ನಂಬುತ್ತಿದ್ದೆ. ಕೊಟ್ಟ ಮಾತು ಮುರಿದಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಏನಾದರೂ ಒಂದು ಬರೆ. ಬೈದು ಬರೆ.

ನಿನ್ನ ಅಮ್ಮ


ಮೂಡಬಿದ್ರೆ
3 ನವೆಂಬರ್ 1957

ಚಿ. ಕಾಂತಿಗೆ,

ನಿನ್ನ ಉತ್ತರವಿಲ್ಲದೆ ಇದು ಆರನೆಯ ಕಾಗದ. ವಿಳಾಸ ಅದೇ ಅಲ್ಲವಾ? ಶುಕೂರಾಕ ಕೆಲಸ ಬಿಟ್ಟು ಊರಿಗೆ ಹೋದರು, ಕಣ್ಣು ಮಂಜಾಯಿತು. ಹೋಗುವ ದಾರಿಯಲ್ಲಿ ನಿನ್ನನ್ನು ನೋಡಿ ಹೋದರಂತೆ. ಎತ್ತರವಾಗಿದ್ದಾಳೆ, ಮಾತಾಡಲಿಲ್ಲ ಎಂದು ಯಾರ ಕೈಯಲ್ಲೋ ಹೇಳಿ ಕಳಿಸಿದ್ದರು. ಈಗ ಕೊಟ್ಟಿಗೆಯಲ್ಲಿ ನಾನೊಬ್ಬಳೇ.

ಹೊಸ ಮಾತ್ರೆಗಳು ಬಂದಿವೆ, ಬಹಳ ಜನ ಗುಣವಾಗುತ್ತಾರೆ. ಗುಣವಾದವರಲ್ಲಿ ಕೆಲವರು ಮನೆಗೆ ಹೋಗುತ್ತಾರೆ.

ಅಮ್ಮ


ಬಂಟ್ವಾಳ
17 ಫೆಬ್ರವರಿ 1963

ಅಮ್ಮನಿಗೆ ಕಾಂತಿಯ ನಮಸ್ಕಾರಗಳು.

ನೀನು ಬರೆದ ಕಾಗದಗಳೆಲ್ಲ ಬಂದಿವೆ. ಎಲ್ಲವನ್ನೂ ಓದಿದ್ದೇನೆ. ಬೊಳ್ಳಿಯ ಸಿಟ್ಟು ಒಂದೆರಡು ವರ್ಷದಲ್ಲಿ ಹೋಯಿತು. ಅಷ್ಟರಲ್ಲಿ ಬರೆಯದೆ ಇರುವುದು ಅಭ್ಯಾಸವಾಗಿತ್ತು. ಮನೆಯಲ್ಲೂ ಅದೇ ಒಳ್ಳೆಯದಾಯಿತು. ಲೋಲಾಕ್ಷಿ ಒಳಗೆ ಬರತೊಡಗಿದಳು.

ನನ್ನ ಮದುವೆ ನಿಶ್ಚಯವಾಗಿದೆ. ಅವರ ಹೆಸರು ಶೇಖರ. ಮೆಲ್ಕಾರಿನಲ್ಲಿ ಅಂಗಡಿ ಉಂಟು, ಒಳ್ಳೆಯ ಜನ. ಅವರ ತಾಯಿ ಕಾವೇರಮ್ಮ ನನ್ನನ್ನು ನೋಡಲು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, “ನಿನ್ನ ಹೆತ್ತಮ್ಮನಿಗೆ ಏನಾದದ್ದು ಮಗಾ?” ಎಂದು ಕೇಳಿದರು. ಅಪ್ಪ ಅಲ್ಲೇ ಇದ್ದರು, ತಲೆ ತಗ್ಗಿಸಿದರು. ಸಣ್ಣವಳಿರುವಾಗ ಹೆರಿಗೆಯಲ್ಲಿ ತೀರಿಹೋದರು ಎಂದು ಹೇಳಿದೆ. ಹೇಳಿದ್ದು ಅಪ್ಪ ಅಲ್ಲ, ನಾನು. ಕಾವೇರಮ್ಮ ನನ್ನ ತಲೆ ಸವರಿದರು.

ಏಪ್ರಿಲ್ ಹದಿನಾಲ್ಕಕ್ಕೆ ಮುಹೂರ್ತ. ನೀನು ಬರಬಾರದು. ದೂರದಲ್ಲಿ ನಿಂತು ನೋಡುವುದೂ ಬೇಡ, ನನಗೆ ಗುರುತು ಸಿಕ್ಕರೆ ನಾನು ತಡೆದುಕೊಳ್ಳಲಾರೆ. ಮೆಲ್ಕಾರಿಗೆ ಕಾಗದವೂ ಬರಬಾರದು.

ಇದನ್ನು ಬೇರೆ ಯಾರ ಕೈಯಲ್ಲಾದರೂ ಹೇಳಿ ಕಳಿಸಬಹುದಿತ್ತು. ನಾನೇ ಬರೆಯಬೇಕೆನಿಸಿತು.

ಕಾಂತಿ


ಮೂಡಬಿದ್ರೆ
25 ಫೆಬ್ರವರಿ 1963

ಕಾಂತಿಗೆ,

ಕಾಗದ ಮುಟ್ಟಿತು. ಬರುವುದಿಲ್ಲ. ಅಂದು ರಜೆಯನ್ನೂ ಕೇಳುವುದಿಲ್ಲ, ಕೆಲಸ ಮಾಡಿಕೊಂಡಿರುತ್ತೇನೆ. ಮೆಲ್ಕಾರಿಗೆ ಬರೆಯುವುದಿಲ್ಲ. ನಿನ್ನ ಅಕ್ಷರ ಬಹಳ ಚೆಂದವಾಗಿದೆ.

ನನಗೆ ಆರೋಗ್ಯ ಉಂಟು. ಎಂಟು ವರ್ಷದಿಂದ ಎಲ್ಲ ಪರೀಕ್ಷೆಯಲ್ಲೂ ಏನೂ ಕಂಡಿಲ್ಲ. ನಿನ್ನಿಂದ ಅವರ ಮನೆಗೆ ಏನೂ ಹೋಗುವುದಿಲ್ಲ. ಈ ಭಯ ನಿನ್ನಲ್ಲಿ ಇದ್ದರೆ ತೆಗೆದುಹಾಕು.

ಒಂದೇ ವಿಷಯ ಹೇಳಬೇಕು. ಮೂರು ವಾರಕ್ಕೂ ನಿಲ್ಲದ ಕೆಮ್ಮು ಬಂದರೆ, ಸಂಜೆ ಮೈ ಬಿಸಿಯಾದರೆ, ಮುಚ್ಚಿಡಬೇಡ. ನಾನು ಎಂಟು ತಿಂಗಳು ಮುಚ್ಚಿಟ್ಟಿದ್ದೆ, ಮನೆಯಿಂದ ಕಳಿಸಿಬಿಡುತ್ತಾರೆಂದು. ಈಗ ಒಳ್ಳೆಯ ಮದ್ದು ಉಂಟು, ಬೇಗ ಹೋದರೆ ಯಾರಿಗೂ ತಿಳಿಯದ ಹಾಗೆ ವಾಸಿಯಾಗುತ್ತದೆ. ಇಲ್ಲಿಗೆ ಬರಬೇಡ, ಮಂಗಳೂರಿಗೆ ಹೋಗು. ಅಲ್ಲಿ ಡಾಕ್ಟರು ಮೊದಲು ಕೇಳುವುದು, ತಾಯಿಗೆ ಇತ್ತಾ ಎಂದು. ಗಂಡನನ್ನು ಹೊರಗೆ ಕೂರಿಸಿ, ಇತ್ತು ಎಂದು ಹೇಳು. ತಾಯಿ ಇದ್ದಾರಾ ಎಂದು ಕೇಳಿದರೆ ನಿನಗೆ ತೋಚಿದ್ದು ಹೇಳು. ಮದ್ದಿಗೆ ಅದು ಬೇಕಾಗುವುದಿಲ್ಲ.

ಓದಿಯಾದ ಮೇಲೆ ಇದನ್ನು ಒಲೆಗೆ ಹಾಕು.

ಇತಿ,
ನೀಲಾವತಿ